ಕೆಂಪು ಪಿನ್ನಿನಲ್ಲಿ ಸಿಕ್ಕಿದ ಅಜ್ಜ

ಹಳೆಯ ಕ್ಯಾಮೆರಾ ಬ್ಯಾಗ್ ಕೊಡವುವಾಗ ಒಂದು ಮಿನಿ ಡಿವಿ ಟೇಪ್ (ವಿಡಿಯೊ ಕ್ಯಾಮೆರಾದ ಪುಟ್ಟ ಕ್ಯಾಸೆಟ್) ಕೈಗೆ ಬಂತು. ಮೇಲೆ ಅಮ್ಮನ ಅಕ್ಷರದಲ್ಲಿ 'ಅಪ್ಪ' ಅಂತ ಮಾತ್ರ ಬರೆದಿತ್ತು. ಅಂದರೆ ನನ್ನ ಅಜ್ಜ. ಅವರು ಹೋಗಿ ಎಷ್ಟೋ ವರ್ಷವಾಗಿದೆ. ಕ್ಯಾಮೆರಾವನ್ನು ಚಾರ್ಜರ್‌ಗೆ ಸಿಕ್ಕಿಸಿ ಟೇಪ್ ಹಾಕಿದೆ. ಅದರ ಪುಟ್ಟ ಪರದೆಯಲ್ಲಿ ಅಜ್ಜ ಕನ್ನಡಕ ಒರೆಸುತ್ತಾ ಕೂತಿದ್ದರು. ಅಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಮುಖಾನೇ ಸರಿಯಾಗಿ ಕಾಣಲ್ಲ. ಟಿವಿಯಲ್ಲಿ ಬರಲ್ವೇನೋ?"

ಬರುತ್ತೆ, ಐದೇ ನಿಮಿಷ ಅಂದೆ.

ಕ್ಯಾಮೆರಾ ಜೊತೆ ಬಂದಿದ್ದ ವೈರ್ ಎಲ್ಲೋ ಕಳೆದಿತ್ತು. ಡ್ರಾಯರ್‌ನಲ್ಲಿ ಅಂಥದ್ದೇ ಇನ್ನೊಂದು ಸಿಕ್ಕಿತು. ಒಂದು ತುದಿಯಲ್ಲಿ ಹೆಡ್‌ಫೋನಿನಂಥ ಪಿನ್ನು, ಇನ್ನೊಂದು ತುದಿಯಲ್ಲಿ ಹಳದಿ, ಬಿಳಿ, ಕೆಂಪು. ಹಳದಿ ಚಿತ್ರಕ್ಕೆ, ಬಿಳಿ ಎಡಗಡೆ ದನಿಗೆ, ಕೆಂಪು ಬಲಗಡೆ ದನಿಗೆ. ಟಿವಿಯ ಹಿಂದೆ ಹಳದಿ ತೂತೇ ಇರಲಿಲ್ಲ. ಕೆಲವು ಟಿವಿಗಳಲ್ಲಿ ಹೀಗೇ, ಹಸಿರು ತೂತೇ ಹಳದಿಯ ಕೆಲಸವನ್ನೂ ಮಾಡುತ್ತದೆ. ಪಕ್ಕದಲ್ಲಿ ಸಣ್ಣದಾಗಿ ವಿಡಿಯೊ ಅಂತಲೂ ಬರೆದಿರುತ್ತದೆ. ಹಳದಿಯನ್ನು ಅಲ್ಲಿಗೆ ಸಿಕ್ಕಿಸಿದೆ. ಅಜ್ಜನದು ಮೆಲುದನಿ, ಅದಕ್ಕೆ ಬಿಳಿ, ಕೆಂಪು ಎರಡನ್ನೂ ಟಿವಿ ಪಕ್ಕದ ದೊಡ್ಡ ಸ್ಪೀಕರ್‌ಗೆ ಹಾಕಿದೆ. ರಿಮೋಟಿನಲ್ಲಿ ಎವಿ, ಅಂದರೆ ಆ ತೂತಿನಿಂದ ಬರುವ ಚಿತ್ರ, ಆರಿಸಿದೆ.

ನೋ ಸಿಗ್ನಲ್.

ಈ ಎರಡು ಪದ ನೋಡಿದ ಕೂಡಲೇ ಟಿವಿ ಕೆಟ್ಟಿದೆ ಅಂತ ಅನಿಸುತ್ತದೆ, ಅಲ್ವಾ? ಆದರೆ ಆ ಅಕ್ಷರಗಳನ್ನು ಬರೆಯುತ್ತಿರುವುದು ಟಿವಿಯೇ. ಪರದೆ ಚೆನ್ನಾಗಿದೆ, ರಿಮೋಟ್ ಹೇಳಿದ್ದು ಕೇಳಿದೆ. ತಾನು ಕಾಯುತ್ತಿರುವುದು ಆ ತೂತಿಗೆ ಬಂದಿಲ್ಲ ಅಂತಷ್ಟೇ ಅದು ಹೇಳುತ್ತಿದೆ. ಅನುಮಾನ ತೀರಲಿ ಅಂತ ಹಳೆಯ ಡಿವಿಡಿ ಪ್ಲೇಯರ್ ತಂದು, ಅದರದೇ ವೈರಿನಲ್ಲಿ ಅದೇ ಹಸಿರು ತೂತಿಗೆ ಹಾಕಿ ನೋಡಿದೆ. ಚಿತ್ರ ಬಂತು. ಅಲ್ಲಿಗೆ ಟಿವಿ ಮೇಲಿನ ಅನುಮಾನ ಹೋಯಿತು.

ಮತ್ತೆ ಕ್ಯಾಮೆರಾ ಹಾಕಿದೆ. ಮತ್ತೆ ನೋ ಸಿಗ್ನಲ್. ಆದರೆ ಎಡಗಡೆ ಸ್ಪೀಕರಿನಿಂದ ಅಜ್ಜನ ಕೆಮ್ಮು ಸ್ಪಷ್ಟವಾಗಿ ಕೇಳಿತು. ಬಲಗಡೆಯಿಂದ ಮಾತ್ರ ಗುರ್ರ್ ಅಂತ ಒರಟು ಸದ್ದು, ತಗಡಿನ ಡಬ್ಬದೊಳಗೆ ದುಂಬಿ ಸಿಕ್ಕಿಕೊಂಡ ಹಾಗೆ. ಎಲ್ಲೋ ಲೂಸ್ ಆಗಿದೆ ಅಂದುಕೊಂಡು ಎಲ್ಲ ಪಿನ್ನುಗಳನ್ನೂ ಒತ್ತಿ ಕೂರಿಸಿದೆ. ವೈರನ್ನು ಉದ್ದಕ್ಕೂ ಬಗ್ಗಿಸಿ ನೋಡಿದೆ. ಕ್ಯಾಮೆರಾದ ಮೆನು ತೆಗೆದು, ಆ ತೂತು ಹೆಡ್‌ಫೋನಿಗೆ ಸೆಟ್ ಆಗಿದೆಯೇನೋ ಅಂತಲೂ ನೋಡಿದೆ. ಕೆಲವು ಕ್ಯಾಮೆರಾಗಳಲ್ಲಿ ಹೆಡ್‌ಫೋನಿಗೂ ಟಿವಿ ವೈರಿಗೂ ಒಂದೇ ತೂತು ಇರುತ್ತದೆ. ಅದೂ ಸರಿಯಾಗಿತ್ತು. ಮುಕ್ಕಾಲು ಗಂಟೆ ಹೀಗೇ ಹೋಯಿತು.

ಅಮ್ಮ ಅಲ್ಲಿಯವರೆಗೆ ಸುಮ್ಮನೆ ಅಜ್ಜನ ದನಿ ಕೇಳುತ್ತಾ ಕೂತಿದ್ದಳು. "ಆ ಗುರ್ ಅನ್ನೋದು ಅಪ್ಪ ಮಾತು ನಿಲ್ಲಿಸಿದ್ರೂ ನಿಲ್ಲಲ್ಲ ನೋಡು" ಅಂದಳು.

ಹೌದಲ್ಲ! ಮಾತಿಗೂ ಆ ಸದ್ದಿಗೂ ಸಂಬಂಧವೇ ಇಲ್ಲ. ಟೇಪ್ ನಿಲ್ಲಿಸಿ ಬರೀ ನೀಲಿ ಪರದೆ ಬರುವ ಹಾಗೆ ಮಾಡಿದೆ. ಗುರ್ರ್ ಹಾಗೇ ಇತ್ತು, ಕೊಂಚ ಬೇರೆ ತರಹ. ಮತ್ತೆ ಟೇಪ್ ಓಡಿಸಿದೆ. ಟೇಪಿನ ದೃಶ್ಯದಲ್ಲಿ ಬಾಗಿಲಿನ ಬೆಳಕಿನ ಕಡೆ ಕ್ಯಾಮೆರಾ ತಿರುಗಿದಾಗ ಸದ್ದು ಒಮ್ಮೆ ಮೊನಚಾಯಿತು. ಅದು ಲೂಸ್ ವೈರಿನ ಸದ್ದಲ್ಲ. ಚಿತ್ರವೇ ಕೆಂಪು ಪಿನ್ನಿನಿಂದ ಸ್ಪೀಕರ್‌ಗೆ ಹೋಗುತ್ತಿತ್ತು. ಈ ಹಳೆಯ ಬಗೆಯ ವಿಡಿಯೊದಲ್ಲಿ, ಹೊಸ ಚಿತ್ರ ಶುರುವಾಯಿತು ಅಂತ ಸೆಕೆಂಡಿಗೆ 50 ಅಥವಾ 60 ಸಲ ಒಂದು ಸೂಚನೆ ಹೋಗುತ್ತದೆ. ಟಿವಿ ಹುಡುಕುವುದು ಅದನ್ನೇ. ಅದು ಸ್ಪೀಕರ್‌ಗೆ ಹೋದರೆ ಹೀಗೆ ಗುರುಗುಟ್ಟುತ್ತದೆ.

ಹೆಡ್‌ಫೋನಿನಂಥ ಆ ಪಿನ್ನನ್ನು ಹೊರಗೆಳೆದು ಬೆಳಕಿಗೆ ಹಿಡಿದೆ. ಮೂರು ಕಪ್ಪು ಗೆರೆ, ಅವುಗಳ ನಡುವೆ ಲೋಹದ ನಾಲ್ಕು ತುಂಡು. ಎರಡು ದನಿಗೆ, ಒಂದು ಚಿತ್ರಕ್ಕೆ, ಒಂದು ಅರ್ತ್. ಯಾವ ತುಂಡಿನಲ್ಲಿ ಯಾವುದು ಅನ್ನುವುದನ್ನು ಎಲ್ಲ ತಯಾರಕರೂ ಒಂದೇ ತರಹ ಇಟ್ಟಿಲ್ಲ. ಹೊರಗಿನಿಂದ ನೋಡಿದರೆ ಎಲ್ಲವೂ ಒಂದೇ, ಬಣ್ಣವೂ ಅವೇ. ನನಗೆ ನಿಜಕ್ಕೂ ಬೇಸರವಾಗುವುದು ಇಲ್ಲೇ. ಬಣ್ಣ ಹಚ್ಚುವುದೇ ಜನ ತಪ್ಪದೆ ಜೋಡಿಸಲಿ ಅಂತ. ಆ ಬಣ್ಣವನ್ನೇ ನಂಬಿ ಕೂತರೆ, ಎಷ್ಟೋ ಮನೆಗಳಲ್ಲಿ ಒಳ್ಳೆಯ ಕ್ಯಾಮೆರಾವನ್ನು ಕೆಟ್ಟಿದೆ ಅಂತ ಮೂಲೆಗೆ ಹಾಕಿರಬಹುದು.

ಚಿತ್ರ, ದನಿ ಎರಡನ್ನೂ ಒಟ್ಟಿಗೆ ಒಯ್ಯುವ ಈಗಿನ ಎಚ್‌ಡಿಎಂಐ ವೈರಿನಲ್ಲಿ ಈ ತೊಂದರೆ ಇಲ್ಲ. 19 ಪಿನ್ನಿಗೂ ಜಾಗ ಗೊತ್ತು ಮಾಡಿದ್ದಾರೆ. ಅಲ್ಲಿ ನೋ ಸಿಗ್ನಲ್ ಬಂದರೆ ಎಷ್ಟೋ ಸಲ ಎರಡೂ ಕಡೆ ಕರೆಂಟ್ ತೆಗೆದು, ಒಂದು ನಿಮಿಷ ಬಿಟ್ಟು ಹಾಕಿದರೆ ಸಾಕು. ಟಿವಿ, ಪ್ಲೇಯರ್ ಎರಡೂ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತವೆ.

ಕೆಂಪು ಪಿನ್ನನ್ನು ಸ್ಪೀಕರಿನಿಂದ ಕಿತ್ತು ಟಿವಿಯ ಹಸಿರು ತೂತಿಗೆ ಹಾಕಿದೆ. ಹಳದಿಯನ್ನು ಸ್ಪೀಕರ್‌ಗೆ. ಪರದೆ ಒಮ್ಮೆ ಮಿಟುಕಿತು. ಅಜ್ಜ ಬಂದರು, ಬಣ್ಣದ ಸಮೇತ. ಗುರ್ರ್ ನಿಂತು ಎರಡೂ ಕಡೆಯಿಂದ ಅವರ ದನಿ ಬಂತು. ಅಷ್ಟು ದೊಡ್ಡ ಪರದೆಯಲ್ಲಿ ಚಿತ್ರ ಸ್ವಲ್ಪ ಮಸುಕಾಗಿತ್ತು, ನಿಜ. ಆದರೆ ಕನ್ನಡಕ ಒರೆಸುವ ಬೆರಳಿನ ನಡುಕವೂ ಕಾಣುತ್ತಿತ್ತು.

ಅಮ್ಮ ಕುರ್ಚಿಯನ್ನು ಟಿವಿ ಹತ್ತಿರಕ್ಕೆ ಎಳೆದುಕೊಂಡಳು. "ಶುರುವಿನಿಂದ ಹಾಕೋ."

ಟೇಪ್ ಹಿಂದಕ್ಕೆ ಸುತ್ತುವಷ್ಟರಲ್ಲಿ ಒಂದು ಚೂರು ಬಿಳಿ ಅಂಟುಪಟ್ಟಿ ಹರಿದು ಕೆಂಪು ಪಿನ್ನಿಗೆ ಸುತ್ತಿದೆ. ಅದರ ಮೇಲೆ ಪೆನ್ನಿನಲ್ಲಿ 'ಚಿತ್ರ' ಅಂತ ಬರೆದೆ.