ತಿಂಗಳ ಮೊದಲ ಭಾನುವಾರ, ಬೆಳಗಿನ ಜಾವ 4 ಗಂಟೆ

ಶಿರಸಿಯ ಒಂದು ಅಡಿಕೆ ಮಂಡಿಯ ಸರ್ವರ್ ನನ್ನ ಉಸ್ತುವಾರಿಯಲ್ಲಿದೆ. ದೊಡ್ಡದೇನಲ್ಲ. ಮೇಜಿನ ಕೆಳಗಿಟ್ಟ, ಉಬುಂಟು ಎಂಬ ಲಿನಕ್ಸ್ ಓಡುವ ಮೆಷಿನ್, ಪಕ್ಕದಲ್ಲಿ ಯುಪಿಎಸ್. ಅದರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಓಡುತ್ತದೆ. ಈ ಸಾಫ್ಟ್‌ವೇರ್ ತೆಗೆದುಕೊಂಡ ಮೆಮೊರಿಯನ್ನು ವಾಪಸ್ ಕೊಡುವುದಿಲ್ಲ. ದಿನ ಕಳೆದಂತೆ ನಿಧಾನವಾಗುತ್ತಾ ಹೋಗುತ್ತದೆ. ಬರೆದುಕೊಟ್ಟವರನ್ನು ಕೇಳಿದರೆ "ದಿನಾ ಸರ್ವರ್ ರೀಸ್ಟಾರ್ಟ್ ಮಾಡಿ ಸಾರ್" ಅಂತಾರೆ.

ನಾನು ಹಾಗೆ ಮಾಡುವುದಿಲ್ಲ. ಒಂದು ಪ್ರೋಗ್ರಾಮ್ ಮೆಮೊರಿ ತಿಂದರೆ ಅದೊಂದನ್ನೇ ನಿಲ್ಲಿಸಿ ಶುರು ಮಾಡಿದರೆ ಸಾಕು. ಅದಕ್ಕೆ ರಾತ್ರಿ ಹೊತ್ತು ಒಂದು ಸಿಸ್ಟಮ್‌ಡಿ ಟೈಮರ್ (ಹೇಳಿದ ಹೊತ್ತಿಗೆ ತಾನಾಗಿ ಕೆಲಸ ಮಾಡಿಸುವ ಲಿನಕ್ಸ್ ವ್ಯವಸ್ಥೆ) ಇದೆ. ಇಡೀ ಮೆಷಿನ್ ರೀಸ್ಟಾರ್ಟ್ ಆಗುವುದು ತಿಂಗಳಿಗೊಮ್ಮೆ, ಅದೂ ಬೇರೆ ಕಾರಣಕ್ಕೆ.

ಒಂದು ಕಾರಣ ಎಲ್ಲರಿಗೂ ಗೊತ್ತಿರುವುದೇ. ಹೊಸ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಡಿಸ್ಕಿಗೆ ಬಂದು ಕೂತಿದ್ದರೂ ರೀಸ್ಟಾರ್ಟ್ ಆಗುವ ತನಕ ಓಡುತ್ತಿರುವುದು ಹಳೆಯದೇ. ಉಬುಂಟುವಿನ ತಾನಾಗಿಯೇ ಅಪ್‌ಡೇಟ್ ಆಗುವ ವ್ಯವಸ್ಥೆಗೆ ರೀಸ್ಟಾರ್ಟನ್ನೂ ನೀನೇ ಮಾಡಿಕೋ ಅಂತ ಹೇಳಬಹುದು, ಸಮಯವನ್ನೂ ಕೊಡಬಹುದು. ನಾವಾಗಿ ಹೇಳದಿದ್ದರೆ ಅದು ಮಾಡುವುದಿಲ್ಲ.

ನನಗೆ ಮುಖ್ಯವಾದದ್ದು ಇನ್ನೊಂದು ಕಾರಣ, ಮಲೆನಾಡಿನ ಮಳೆಗಾಲ. ಮರ ಬಿದ್ದು ಲೈನ್ ಹೋದರೆ ಕರೆಂಟ್ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಯುಪಿಎಸ್ ಖಾಲಿಯಾಗಿ ಮೆಷಿನ್ ಆಫ್ ಆಗುತ್ತದೆ. ಮತ್ತೆ ಆನ್ ಆದಾಗ ಎಲ್ಲವೂ ತಾನಾಗಿ ಎದ್ದು ಕೂರುತ್ತದೆಯೇ? ಯಾರೋ ಒಂದು ಸರ್ವಿಸನ್ನು ಕೈಯಲ್ಲೇ ಸ್ಟಾರ್ಟ್ ಮಾಡಿ, 'ಎನೇಬಲ್' ಮಾಡದೆ, ಅಂದರೆ ಮೆಷಿನ್ ಆನ್ ಆದಾಗಲೆಲ್ಲ ತಾನಾಗಿ ಶುರುವಾಗು ಅಂತ ಹೇಳದೆ, ಬಿಟ್ಟಿರುತ್ತಾರೆ. ಬ್ಯಾಕಪ್ ಡಿಸ್ಕನ್ನು ಮೌಂಟ್ ಮಾಡಿರುತ್ತಾರೆ (ಬಳಕೆಗೆ ಜೋಡಿಸಿರುತ್ತಾರೆ), ಆನ್ ಆದಾಗ ಯಾವ ಡಿಸ್ಕ್ ಜೋಡಿಸಬೇಕೆಂಬ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಬರೆದಿರುವುದಿಲ್ಲ. ಮೆಷಿನ್ ಓಡುತ್ತಿರುವಷ್ಟು ಕಾಲ ಇದು ಯಾವುದೂ ಕಾಣುವುದಿಲ್ಲ, ರೀಸ್ಟಾರ್ಟ್ ಮಾಡಿದಾಗಲೇ ಗೊತ್ತಾಗುವುದು. ವರ್ಷಗಟ್ಟಲೆ ಆಫ್ ಆಗದ ಸರ್ವರ್ ಅಂತ ಕೆಲವರು ಹೆಮ್ಮೆಪಡುತ್ತಾರೆ. ನನಗಂತೂ ಅಂಥದ್ದನ್ನು ಮುಟ್ಟೋಕೇ ಭಯ. ಬೋಯಿಂಗ್ 787 ವಿಮಾನ 248 ದಿನ ಸತತವಾಗಿ ಆನ್ ಇದ್ದರೆ ಸಾಫ್ಟ್‌ವೇರಿನೊಳಗಿನ ಒಂದು ಎಣಿಕೆ ತುಂಬಿ ಹರಿದು ಜನರೇಟರ್‌ಗಳ ನಿಯಂತ್ರಣ ಘಟಕಗಳು ಒಟ್ಟಿಗೇ ಕೈಕೊಡಬಹುದು ಅಂತ 2015ರಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಆದೇಶ ಹೊರಡಿಸಿತ್ತು. ತಕ್ಷಣದ ಪರಿಹಾರ? ಆಗಾಗ ಆಫ್ ಮಾಡಿ ಆನ್ ಮಾಡಿ!

ಸಮಯ ಹೊಂದಿಸುವುದು ಸುಲಭ ಅನ್ನಿಸುತ್ತದೆ, ಅಲ್ವಾ? ಹೇಳಿದ ಸಮಯಕ್ಕೆ ಕೆಲಸ ಮಾಡಿಸುವ ಕ್ರಾನ್ ಎಂಬ ಪ್ರೋಗ್ರಾಮ್‌ನಲ್ಲಿ ಐದು ಜಾಗ: ನಿಮಿಷ, ಗಂಟೆ, ತಾರೀಕು, ತಿಂಗಳು, ವಾರ. ಮೊದಲ ಭಾನುವಾರ ಬೇಕೆಂದು ತಾರೀಕಿನಲ್ಲಿ 1ರಿಂದ 7, ವಾರದಲ್ಲಿ ಭಾನುವಾರ ಬರೆದರೆ ಕೆಲಸ ಕೆಟ್ಟಿತು. ಎರಡೂ ಕಡೆ ಬರೆದಾಗ ಕ್ರಾನ್ ಅದನ್ನು 'ಇದು ಅಥವಾ ಅದು' ಅಂತ ಓದುತ್ತದೆ. ತಿಂಗಳ ಮೊದಲ ಏಳು ದಿನವೂ ರೀಸ್ಟಾರ್ಟ್, ಮೇಲಿಂದ ಪ್ರತಿ ಭಾನುವಾರವೂ. ಹಾಗಾಗಿ ತಾರೀಕನ್ನು ಮಾತ್ರ ಕ್ರಾನ್‌ಗೆ ಬಿಟ್ಟು, ಇವತ್ತು ಭಾನುವಾರವೇ ಅಂತ ಸ್ಕ್ರಿಪ್ಟಿನೊಳಗೆ ನೋಡುತ್ತೇನೆ. ಆ ಪರೀಕ್ಷೆಯನ್ನು ಕ್ರಾನ್ ಸಾಲಿನಲ್ಲೇ ಬರೆಯುವವರು, ವಾರ ಕೇಳುವ ಆಜ್ಞೆಯಲ್ಲಿ ಬರುವ ಶೇಕಡಾ ಚಿಹ್ನೆಯ (%) ಹಿಂದೆ ಬ್ಯಾಕ್‌ಸ್ಲ್ಯಾಶ್ (\) ಹಾಕಲೇಬೇಕು. ಇಲ್ಲದಿದ್ದರೆ ಕ್ರಾನ್ ಆ ಚಿಹ್ನೆಯನ್ನು ಸಾಲಿನ ಕೊನೆ ಅಂದುಕೊಳ್ಳುತ್ತದೆ.

ಬ್ಯಾಕಪ್ ಶುರುವಾಗುವುದು 2 ಗಂಟೆಗೆ. 4ರ ಹೊತ್ತಿಗೆ ಮುಗಿದಿರುತ್ತದೆ ಅಂತ ಸುಮ್ನೆ ನಂಬುವುದಿಲ್ಲ. ಎರಡೂ ಸ್ಕ್ರಿಪ್ಟುಗಳಿಗೆ ಒಂದೇ ಲಾಕ್ ಫೈಲ್ (ಒಂದು ಸಲಕ್ಕೆ ಒಬ್ಬರೇ ಹಿಡಿಯಬಹುದಾದ ಬೀಗದಂಥ ಫೈಲ್) ಇಟ್ಟಿದ್ದೇನೆ. ಬ್ಯಾಕಪ್ ಅದನ್ನು ಬಿಡುವ ತನಕ ರೀಸ್ಟಾರ್ಟ್ ಕಾಯುತ್ತದೆ. ಆಮೇಲೆ ಐದು ನಿಮಿಷ ಗಡುವು ಕೊಟ್ಟು ಶಟ್‌ಡೌನ್. ಅಷ್ಟರಲ್ಲಿ ಯಾರಾದರೂ ಲಾಗಿನ್ ಆಗಿ ಕೂತಿದ್ದರೆ ಅವರ ಟರ್ಮಿನಲ್‌ಗೆ ಎಚ್ಚರಿಕೆ ಬರುತ್ತದೆ, ಬೇಡವೆಂದರೆ ರದ್ದೂ ಮಾಡಬಹುದು.

ಮಂಡಿಯ ವೆಬ್‌ಸೈಟ್ ಇರುವುದು ಬಾಡಿಗೆ ಸರ್ವರ್‌ನಲ್ಲಿ. ಅದರ ಗಡಿಯಾರ ಯುಟಿಸಿಯಲ್ಲಿದೆ (ಜಾಗತಿಕ ಪ್ರಮಾಣ ಸಮಯ), ನಮಗಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ 4 ಅಂತ ಬರೆದರೆ ನಮಗೆ ಬೆಳಿಗ್ಗೆ ಒಂಬತ್ತೂವರೆ, ಮಂಡಿ ಬಾಗಿಲು ತೆರೆಯುವ ಹೊತ್ತು. ನಮ್ಮ ಭಾನುವಾರದ 4 ಗಂಟೆ ಅದರ ಲೆಕ್ಕದಲ್ಲಿ ಶನಿವಾರ ರಾತ್ರಿ ಹತ್ತೂವರೆ. ದಿನವನ್ನೂ ಬದಲಿಸಬೇಕು.

ಎದ್ದ ಮೇಲೆ ಸರ್ವರ್ ಟೆಲಿಗ್ರಾಂ ಆ್ಯಪ್‌ನಲ್ಲಿ ನನಗೊಂದು ಸಂದೇಶ ಕಳಿಸುತ್ತದೆ: ಯಾವ ಸರ್ವಿಸ್ ಏಳಲಿಲ್ಲ, ಯಾವ ಡಿಸ್ಕ್ ಸಿಗಲಿಲ್ಲ. ಏಳದೇ ಹೋದರೆ ಅದೇ ಹೇಗೆ ಹೇಳೀತು? ಅದಕ್ಕೆ ಬಾಡಿಗೆ ಸರ್ವರ್ ಶಿರಸಿಯದನ್ನು ನೋಡುತ್ತಿರುತ್ತದೆ, ಶಿರಸಿಯದು ಅದನ್ನು. ಎರಡನ್ನೂ ಒಂದೇ ದಿನ ಮಲಗಿಸುವ ಹಾಗಿಲ್ಲವಲ್ಲ, ಬಾಡಿಗೆಯದಕ್ಕೆ ಮೂರನೇ ಭಾನುವಾರ ಕೊಟ್ಟಿದ್ದೇನೆ.