ಯೆಜ್ಡಿ ಲಾಗ್: ಗಾಡಿ ಓಡ್ತಿದೆ, ಈಗ ಸಿಗ್ನಲ್ ಪಾಠ

ಇಂಜಿನ್ ಕೆಲಸ ಮುಗಿದು, ಪೇಂಟ್ ಆಗಿ, ಆರ್‌ಸಿ ನವೀಕರಣವೂ ಆಗಿ ನನ್ನ ಹಳೇ ಯೆಜ್ಡಿ ಕ್ಲಾಸಿಕ್ ಬೈಕ್ ಕೊನೆಗೂ ಮೈಸೂರಿನ ರಸ್ತೆಗೆ ಇಳಿದಿದೆ. ಓಡುವುದರಲ್ಲಿ ತಕರಾರಿಲ್ಲ. ಹುಣಸೂರು ರಸ್ತೆಯಲ್ಲಿ ಮೂರನೇ ಗೇರಿಗೆ ಹಾಕಿ ಬಿಟ್ಟರೆ ಎರಡು ಸೈಲೆನ್ಸರ್‌ಗಳ ಸದ್ದು ಕೇಳಿಕೊಂಡು ಆರಾಮಾಗಿ ಹೋಗಬಹುದು. ತಕರಾರೆಲ್ಲ ಮೆಟ್ರೊಪೋಲ್ ಸರ್ಕಲ್‌ನಲ್ಲಿ ಕೆಂಪು ಬಿದ್ದಾಗ ಶುರು. ಹಾಗಾಗಿ ಈ ತಿಂಗಳು ಪೂರ್ತಿ ಗಾಡಿಯನ್ನು ಸಿಗ್ನಲ್‌ಗೆ ಹೊಂದಿಸುವ ಕೆಲಸ.

ಇದು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಗಾಡಿ. ಜೆಕೊಸ್ಲೊವಾಕಿಯದ ಜಾವಾ ಲೈಸೆನ್ಸ್ ಮೇಲೆ 1961ರಲ್ಲಿ ಅಲ್ಲಿ ಬೈಕ್ ತಯಾರಿ ಶುರುವಾಯಿತು. 1996ರಲ್ಲಿ ಬಾಗಿಲು ಹಾಕಿತು. ಎಪ್ಪತ್ತರ ದಶಕದಲ್ಲಿ ಜಾವಾ ಹೋಗಿ ಯೆಜ್ಡಿ ಎಂಬ ಹೆಸರು ಬಂದರೂ ಗೇರ್ ಲಿವರ್‌ನ ಎರಡು ಚಾಳಿಗಳು ಹಾಗೇ ಉಳಿದವು. ಒಂದು, ಅದೇ ಲಿವರ್ ಕಿಕ್ಕರ್ ಕೂಡ. ಒಳಗೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಮುಂದಕ್ಕೆ ಮಡಚಿದರೆ ಗೇರ್. ಇನ್ನೊಂದು, ಕಾಲಿನಲ್ಲಿ ಲಿವರ್ ಒತ್ತಿದಾಗ ಕ್ಲಚ್ ತಾನಾಗಿಯೇ ಬಿಡುತ್ತದೆ, ಅಂದರೆ ಇಂಜಿನ್ನಿಗೂ ಚಕ್ರಕ್ಕೂ ಕೊಂಡಿ ತಪ್ಪುತ್ತದೆ. ಹಳಬರು ಕೈ ಕ್ಲಚ್ ಮುಟ್ಟದೆಯೇ ಗೇರ್ ಬದಲಿಸುತ್ತಿದ್ದುದು ಇದರಿಂದಲೇ.

ಖಾಲಿ ರಸ್ತೆಯಲ್ಲಿ ಎರಡೂ ಮಜಾ. ಸಿಗ್ನಲ್‌ನಲ್ಲಿ ಗಾಡಿ ಆಫ್ ಆದರೆ ಮಾತ್ರ ಪಜೀತಿ. ನ್ಯೂಟ್ರಲ್ ಹುಡುಕಬೇಕು, ಲಿವರ್ ಒಳಗೆ ಒತ್ತಿ ಮೇಲೆತ್ತಬೇಕು, ಒದೆಯಬೇಕು, ಸ್ಟಾರ್ಟ್ ಆದ ಮೇಲೆ ಮತ್ತೆ ಮುಂದಕ್ಕೆ ಮಡಚಬೇಕು, ಆಮೇಲೆ ಒಂದನೇ ಗೇರ್. ಅಷ್ಟರಲ್ಲಿ ಸಿಗ್ನಲ್ ಬಿಟ್ಟು, ಹಿಂದಿನ ಬಸ್ಸಿನ ಹಾರ್ನ್ ಬೆನ್ನಿಗೆ ಬಡಿದಿರುತ್ತದೆ. 2022ರಲ್ಲಿ ಬಂದ ಹೊಸ ಯೆಜ್ಡಿ ಫೋರ್ ಸ್ಟ್ರೋಕ್. ಬಟನ್ ಒತ್ತಿದರೆ ಸಾಕು. ಅದನ್ನು ಓಡಿಸುವವರು ಇದನ್ನು ಸುಮ್ನೆ ಕಥೆ ಅಂತ ಓದಿಕೊಳ್ಳಬಹುದು.

ಹಾಗಾಗಿ ಮೊದಲ ಕೆಲಸ, ಆಫ್ ಆಗದಂತೆ ನೋಡಿಕೊಳ್ಳುವುದು. ನನ್ನದು ಟೂ ಸ್ಟ್ರೋಕ್, ಪೆಟ್ರೋಲಿನ ಜೊತೆ ಎಣ್ಣೆಯೂ ಸುಡುವ ಇಂಜಿನ್. ಅದು ಐಡಲ್‌ನಲ್ಲಿ, ಅಂದರೆ ಗಾಡಿ ನಿಂತು ಇಂಜಿನ್ ಮಾತ್ರ ಓಡುತ್ತಾ, ಜಾಸ್ತಿ ಹೊತ್ತು ಇದ್ದರೆ ಸುಡದೆ ಉಳಿದ ಎಣ್ಣೆ ಪ್ಲಗ್ಗಿಗೆ ಮೆತ್ತುತ್ತದೆ. ಪೆಟ್ರೋಲಿಗೆ ನಾನು ಲೀಟರಿಗೆ 40 ಮಿಲಿ ಟೂಟಿ (ಟೂ ಸ್ಟ್ರೋಕ್) ಎಣ್ಣೆ ಬೆರೆಸುತ್ತೇನೆ. ಅಳತೆ ಕಪ್ಪಿನಲ್ಲೇ. ಬಂಕಿನಲ್ಲಿ ಕಣ್ಣಂದಾಜಿನಲ್ಲಿ ಸುರಿಯುವುದನ್ನು ನಿಲ್ಲಿಸಿದ ಮೇಲೆ ಹೊಗೆಯೂ ಕಡಿಮೆ, ಪ್ಲಗ್ಗೂ ಶುದ್ಧ. ಐಡ್ಲಿಂಗ್ ಸ್ವಲ್ಪ ಏರಿಸಿದ್ದೇನೆ. ಮಧ್ಯೆ ಮಧ್ಯೆ ಮೆಲ್ಲಗೆ ಆಕ್ಸಿಲರೇಟರ್ ತಿರುಗಿಸುತ್ತೇನೆ. ಪಕ್ಕದವರು ರೇಸಿಗೆ ಕರೀತಿದ್ದಾನೆ ಅಂದುಕೊಳ್ಳುತ್ತಾರೆ, ಇರಲಿ. ಟೂಲ್ ಬಾಕ್ಸಿನಲ್ಲಿ ಸ್ಪೇರ್ ಪ್ಲಗ್ ಮತ್ತು ಪ್ಲಗ್ ಸ್ಪ್ಯಾನರ್ ಇದ್ದೇ ಇರುತ್ತವೆ. ಅಷ್ಟಾದರೂ ಆಫ್ ಆದರೆ ನಿಂತಲ್ಲೇ ಕಿಕ್ಕರ್ ಹೊಡೆಯುವುದಿಲ್ಲ. ಹಿಂದಿನವರಿಗೆ ಕೈ ತೋರಿಸಿ, ಇಳಿದು, ಗಾಡಿಯನ್ನು ರಸ್ತೆಯ ಎಡ ಅಂಚಿಗೆ ತಳ್ಳಿ ಆಮೇಲೆ ಕಿಕ್ಕರ್.

ಎರಡನೆಯದು ಕ್ಲಚ್. ತಿಂಗಳಲ್ಲಿ ಹೆಚ್ಚು ಸಮಯ ತಿಂದದ್ದು ಇದೇ. ಕ್ಲಚ್ ಪೂರ್ತಿ ಹಿಡಿದರೂ ಒಂದನೇ ಗೇರಿನಲ್ಲಿ ಗಾಡಿ ಮುಂದಕ್ಕೆ ಎಳೆಯುತ್ತಿತ್ತು. ಮುಂದೆ ಜೀಬ್ರಾ ಮೇಲೆ ಜನ ದಾಟುತ್ತಿರುವಾಗ ಗಾಡಿ ಎಳೆದರೆ ಹೇಗಿರುತ್ತದೆ, ಹೇಳಿ! ಜಾವಾ, ಯೆಜ್ಡಿಗಳಲ್ಲೇ ಕೈ ಪಳಗಿದ ಮೆಕ್ಯಾನಿಕ್ ಒಬ್ಬರು ಕ್ಲಚ್ ಲಿವರ್ ಒಂದು ಸಲ ಹಿಡಿದು ನೋಡಿದರು. ‘ಕೇಬಲ್ ಬಿಗಿ ಮಾಡ್ತಾ ಹೋಗ್ಬೇಡಿ ಸಾರ್. ಮೊದ್ಲು ಇಂಜಿನ್ ಕಡೆ ಅಡ್ಜಸ್ಟ್‌ಮೆಂಟ್ ನೋಡ್ಬೇಕು, ಕೇಬಲ್ ಆಮೇಲೆ’ ಅಂದರು. ಬಿಚ್ಚಿದರೆ ಕ್ಲಚ್ಚಿನೊಳಗಿನ ಕಾರ್ಕ್ ಪ್ಲೇಟ್‌ಗಳು ಸವೆದಿದ್ದವು. ಹೊಸ ಪ್ಲೇಟ್‌ಗಳನ್ನು ಎಣ್ಣೆಯಲ್ಲಿ ನೆನೆಸಿ ಹಾಕಿದೆವು. ಗೇರ್‌ಬಾಕ್ಸಿಗೂ ಕ್ಲಚ್ಚಿಗೂ ಒಂದೇ ಎಣ್ಣೆ. ಅದು ತೀರಾ ದಪ್ಪವಿದ್ದರೂ ಪ್ಲೇಟ್‌ಗಳು ಅಂಟಿಕೊಂಡು ಗಾಡಿ ಎಳೆಯುತ್ತದೆ, ಹಾಗಾಗಿ ಎಣ್ಣೆಯನ್ನೂ ಬದಲಿಸಿದೆವು. ಈಗ ಒಂದನೇ ಗೇರಿನಲ್ಲಿ ಕ್ಲಚ್ ಹಿಡಿದು ನಿಂತರೆ ಗಾಡಿ ಅಲ್ಲಾಡುವುದಿಲ್ಲ.

ಇಷ್ಟೆಲ್ಲ ಯಾಕೆಂದರೆ, ಸಿಗ್ನಲ್‌ನಲ್ಲಿ ನಿಂತ ಮೊದಲ ಕೆಲವು ಕ್ಷಣ ಗಾಡಿ ಒಂದನೇ ಗೇರಿನಲ್ಲೇ ಇರಬೇಕು. ಅಪಾಯ ಮುಂದೆ ಇರುವುದಕ್ಕಿಂತ ಹಿಂದೆ ಜಾಸ್ತಿ. ರಿಂಗ್ ರಸ್ತೆಯ ಸಿಗ್ನಲ್‌ಗಳಲ್ಲಂತೂ ಲಾರಿಗಳು ಕೊನೆಯ ಗಳಿಗೆಯವರೆಗೆ ವೇಗ ಇಳಿಸುವುದೇ ಇಲ್ಲ. ಕನ್ನಡಿಯಲ್ಲಿ ನೋಡಿದಾಗ ಹಿಂದಿನವನು ನಿಲ್ಲುವ ಹಾಗೆ ಕಾಣದಿದ್ದರೆ ಕ್ಲಚ್ ಬಿಟ್ಟು ಪಕ್ಕಕ್ಕೆ ಸರಿಯಬಹುದು. ನ್ಯೂಟ್ರಲ್‌ನಲ್ಲಿದ್ದರೆ ಅಷ್ಟು ಪುರುಸೊತ್ತು ಸಿಗುವುದಿಲ್ಲ. ಕಾಲಿನ ಲೆಕ್ಕವೂ ಇದೆ. ಗೇರ್ ಎಡಕ್ಕೆ, ಹಿಂದಿನ ಬ್ರೇಕ್ ಬಲಕ್ಕೆ. ಒಂದನೇ ಗೇರ್ ಮೊದಲೇ ಬಿದ್ದಿದ್ದರೆ ಎಡಗಾಲು ನೆಲಕ್ಕೆ, ಬಲಗಾಲು ಬ್ರೇಕಿಗೆ. ನನ್ನ ಗಾಡಿಯಲ್ಲಿ ಬ್ರೇಕ್ ಲೈಟ್ ಉರಿಯುವುದು ಹಿಂದಿನ ಬ್ರೇಕ್ ತುಳಿದರೆ ಮಾತ್ರ. ಬಲಗಾಲು ಕೆಳಗಿಟ್ಟರೆ ದೀಪ ಆರಿತು ಅಂತಲೇ ಅರ್ಥ.

ಹಾಗಂತ ದೊಡ್ಡ ಸಿಗ್ನಲ್‌ನಲ್ಲಿ ಪೂರ್ತಿ ಹೊತ್ತು ಕ್ಲಚ್ ಹಿಡಿದು ಕೂರುವುದೂ ಸರಿಯಲ್ಲ. ಕೈ ನೋಯುತ್ತದೆ, ಕೇಬಲ್ ಮೇಲೂ ಭಾರ. ಹಿಂದೆ ಒಂದೆರಡು ಗಾಡಿ ಬಂದು ನಿಂತ ಮೇಲೆ ನ್ಯೂಟ್ರಲ್. ಎದುರಿನ ಟೈಮರ್ ಹತ್ತಕ್ಕೆ ಇಳಿದಾಗ, ಟೈಮರ್ ಇಲ್ಲದ ಕಡೆ ಅಡ್ಡ ರಸ್ತೆಯ ಗಾಡಿಗಳು ನಿಧಾನವಾಗುತ್ತಿದ್ದ ಹಾಗೇ, ಮತ್ತೆ ಒಂದನೇ ಗೇರ್. ಲಿವರ್ ಒತ್ತಿದರೆ ಕ್ಲಚ್ ತಾನಾಗಿ ಬಿಡುತ್ತದೆಂದು ಕೈ ಕ್ಲಚ್ ಹಿಡಿಯದೆ ಇರಬಾರದು. ಕಾಲು ಎತ್ತಿದ ತಕ್ಷಣ ಇಂಜಿನ್ ಮತ್ತೆ ಚಕ್ರಕ್ಕೆ ಕೂಡಿಕೊಂಡು ಗಾಡಿ ಮುಂದಕ್ಕೆ ಹಾರುತ್ತದೆ, ಇಲ್ಲವೇ ಆಫ್ ಆಗುತ್ತದೆ.

ಗೇರ್ ಇಳಿಸುವುದೆಲ್ಲ ಗಾಡಿ ಉರುಳುತ್ತಿರುವಾಗಲೇ ಮುಗಿಯಬೇಕು. ಕೆಳಗೆ ಒಂದು, ಮೇಲೆ ಮೂರು ಗೇರ್. ನಾಲ್ಕರಿಂದ ಮೂರು, ಎರಡು, ಒಂದು, ಒಂದೊಂದಾಗಿ. ನಿಂತುಬಿಟ್ಟ ಮೇಲೆ ಒಳಗಿನ ಹಲ್ಲುಗಳು ಒಂದಕ್ಕೊಂದು ಎದುರುಬದುರಾಗಿ ನಿಂತು ಲಿವರ್ ಕಲ್ಲಿನಂತಾಗುತ್ತದೆ. ಆಗ ತುಳಿದು ಬಲ ಹಾಕಬಾರದು. ಗಾಡಿಯನ್ನು ಒಂದಿಷ್ಟು ಹಿಂದೆ ಮುಂದೆ ಆಡಿಸಿದರೆ ಗೇರ್ ಬೀಳುತ್ತದೆ. ಇನ್ನೊಂದು ವಿಷಯ, ಫೋರ್ ಸ್ಟ್ರೋಕ್ ಬೈಕಿನ ಅಭ್ಯಾಸ ಇದ್ದವರಿಗೆ: ಟೂ ಸ್ಟ್ರೋಕ್‌ನಲ್ಲಿ ಗೇರ್ ಇಳಿಸಿದರೆ ಇಂಜಿನ್ ಗಾಡಿಯನ್ನು ಅಷ್ಟೇನೂ ತಡೆಯುವುದಿಲ್ಲ. ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ಹಾಗಾಗಿ ಪಕ್ಕದ ಪಲ್ಸರ್ ಬ್ರೇಕ್ ಹಿಡಿಯುವ ಜಾಗಕ್ಕಿಂತ ಎಷ್ಟೋ ಮೊದಲೇ ನಾನು ಶುರು ಮಾಡುತ್ತೇನೆ.

ದೀಪದ ಕೆಲಸ ಅರ್ಧ ಆಗಿದೆ. ಇಂಜಿನ್ ತಿರುಗಿಸುವ 6 ವೋಲ್ಟ್ ಡೈನಮೊ ಐಡಲ್‌ನಲ್ಲಿ ಬ್ಯಾಟರಿ ಚಾರ್ಜ್ ಮಾಡುವುದಿಲ್ಲ. ರಾತ್ರಿ ಸಿಗ್ನಲ್‌ನಲ್ಲಿ ನಿಂತರೆ ಎಲ್ಲ ಭಾರ ಬ್ಯಾಟರಿ ಮೇಲೆ, ಹಿಂದಿನ ದೀಪ ಮಂಕು. ಹಿಂದಕ್ಕೆ 6 ವೋಲ್ಟಿನ ಎಲ್‌ಇಡಿ ಬಲ್ಬ್ ಹಾಕಿದೆ. ಈಗ ಕಾಣುತ್ತದೆ. ಹಳೇ ಗಾಡಿಗೆ ಎಲ್‌ಇಡಿ ಹಾಕಬಾರದು ಅನ್ನುವವರು ಇದ್ದಾರೆ. ಹೆಡ್‌ಲೈಟ್ ವಿಷಯದಲ್ಲಿ ಒಪ್ಪುತ್ತೇನೆ, ಹಿಂದಿನ ದೀಪದ ವಿಷಯದಲ್ಲಿ ಇಲ್ಲ.

ನಿಲ್ಲುವ ಜಾಗ ಎಲ್ಲ ಬೈಕಿಗೂ ಒಂದೇ. ಲೇನಿನ ನಟ್ಟನಡುವೆ ಬೇಡ, ಅಲ್ಲೇ ಗಾಡಿಗಳ ಎಣ್ಣೆ ತೊಟ್ಟಿಕ್ಕಿರುತ್ತದೆ. ಮೊದಲ ಮಳೆಗೆ ಕಾಲಿಟ್ಟರೆ ಜಾರುತ್ತದೆ. ಒದ್ದೆಯಾದ ಬಿಳಿ ಪಟ್ಟೆಯೂ ಹಾಗೇ. ಬಸ್ಸಿನ ಮೂತಿಯ ಕೆಳಗೆ, ಲಾರಿ ಮತ್ತು ಡಿವೈಡರ್ ಸಂದಿಯಲ್ಲಿ ನುಗ್ಗುವುದೂ ಬೇಡ. ಮುಂದಿನ ಗಾಡಿಯ ಹಿಂದಿನ ಚಕ್ರ ನೆಲಕ್ಕೆ ತಾಗುವುದು ಕಾಣುವಷ್ಟು ಜಾಗ ಬಿಟ್ಟರೆ ಹೊರಳಿಕೊಳ್ಳಲು ದಾರಿ ಇರುತ್ತದೆ. ಹಸಿರು ಬಿದ್ದ ಮೇಲೂ ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ನೋಡಿಯೇ ಕ್ಲಚ್ ಬಿಡುವುದು. ಕೆಂಪು ಬಿದ್ದ ಮೇಲೂ ನುಗ್ಗುವವರಿಗೆ ನಮ್ಮೂರಲ್ಲಿ ಬರವಿಲ್ಲ ಅಲ್ವಾ.

ಇನ್ನು ಉಳಿದ ಕೆಲಸ ಮುಂದಿನ ಚಕ್ರದ ಬ್ರೇಕ್. ಬ್ರೇಕ್ ಶೂಗಳನ್ನು ಲೈನಿಂಗ್ ಹಾಕಿಸಲು ಕೊಟ್ಟಿದ್ದೇನೆ. ಬಂದ ಮೇಲೆ ಆ ಬ್ರೇಕಿನ ಲಿವರಿಗೂ ಒಂದು ಬ್ರೇಕ್ ಲೈಟ್ ಸ್ವಿಚ್ ಕೂರಿಸುವ ಯೋಚನೆ ಇದೆ. ವೈರಿಂಗ್ ಹೆಡ್‌ಲೈಟ್ ಡೂಮಿನೊಳಗೆ (ದೀಪದ ಹೊರಕವಚದೊಳಗೆ) ಹಾಯಿಸಿದರೆ ಹೊರಗೆ ಏನೂ ಕಾಣುವುದಿಲ್ಲ. ಡೂಮಿನೊಳಗೆ ಜಾಗ ಸಾಕಾಗುತ್ತದೋ ಇಲ್ಲವೋ, ಬಿಚ್ಚಿ ನೋಡಬೇಕು.