ತೆಂಗಿನೆಣ್ಣೆ ಗಟ್ಟಿಯಾಗುವ ಊರಲ್ಲಿ ಕೊಬ್ಬಿನ ಮಾತು

ಮಡಿಕೇರಿಯಲ್ಲಿ ಜುಲೈ ಬಂತು ಅಂದರೆ ತೆಂಗಿನೆಣ್ಣೆ ಬಾಟಲಿಯಿಂದ ಹೊರಗೆ ಬರುವುದಿಲ್ಲ. ಬಿಸಿನೀರಿನ ಚೊಂಬಲ್ಲಿ ನಿಲ್ಲಿಸಿ ಕರಗಿಸಬೇಕು. ತುಪ್ಪದ ಡಬ್ಬಿಯಲ್ಲಿ ಚಮಚ ನೆಟ್ಟಗೆ ನಿಲ್ಲುತ್ತದೆ. ಹಿಂದಿನ ರಾತ್ರಿ ಮಾಡಿಟ್ಟ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರಿನ ಮೇಲೆ ಬಿಳೀ ಪದರ ಕಟ್ಟಿರುತ್ತದೆ. ಪಕ್ಕದಲ್ಲೇ ಇರುವ ಕಡಲೆಕಾಯಿ ಎಣ್ಣೆ, ಸೂರ್ಯಕಾಂತಿ ಎಣ್ಣೆಗೆ ಮಾತ್ರ ಚಳಿಯೇ ತಾಗುವುದಿಲ್ಲ, ಹಾಗೇ ಹರಿಯುತ್ತವೆ.

ಕೊಬ್ಬಿನ ಬಗ್ಗೆ ನನಗೆ ಅರ್ಧ ಅರ್ಥವಾಗಿದ್ದು ಈ ಅಡುಗೆಮನೆಯ ಗೂಡು ನೋಡಿಯೇ. ಸ್ಯಾಚುರೇಟೆಡ್ ಕೊಬ್ಬಿನ ಎಳೆಗಳು ನೆಟ್ಟಗಿರುತ್ತವೆ. ಸೌದೆ ಪೇರಿಸಿದ ಹಾಗೆ ಒತ್ತಾಗಿ ಕೂರುತ್ತವೆ, ಅದಕ್ಕೇ ಬೇಗ ಹೆಪ್ಪುಗಟ್ಟುತ್ತದೆ. ಅನ್‌ಸ್ಯಾಚುರೇಟೆಡ್ ಕೊಬ್ಬಿನ ಎಳೆಯಲ್ಲಿ ನಡುವೆ ಸೊಟ್ಟ ಇರುತ್ತದೆ. ಸೊಟ್ಟ ಸೌದೆ ಸರಿಯಾಗಿ ಪೇರಿಸೋಕಾಗಲ್ಲ ಅಲ್ವಾ, ಹಾಗೆ. ತೆಂಗಿನೆಣ್ಣೆಯಲ್ಲಿ 100ಕ್ಕೆ 80ಕ್ಕೂ ಜಾಸ್ತಿ ಸ್ಯಾಚುರೇಟೆಡ್. ತುಪ್ಪದಲ್ಲಿ 60ರ ಆಸುಪಾಸು. ಸೂರ್ಯಕಾಂತಿಯಲ್ಲಿ 10ರಷ್ಟು ಮಾತ್ರ.

ಇದನ್ನೆಲ್ಲ ಓದಲು ಶುರು ಮಾಡಿದ್ದು ಅವ್ವನಿಂದಾಗಿ. ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ ಜಾಸ್ತಿ ಬಂತು. ಅವ್ವ ಅವತ್ತೇ ತುಪ್ಪ ಬಿಟ್ಟರು, ಪಂದಿ ಬಿಟ್ಟರು, ಮೊಟ್ಟೆನೂ ಬಿಟ್ಟರು. ನಾಲ್ಕು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ ಮಾಡಿಸಿದರೆ ಎಲ್‌ಡಿಎಲ್ ಹೆಚ್ಚೇನೂ ಇಳಿದಿಲ್ಲ, ರಕ್ತದಲ್ಲಿರುವ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ಏರಿದೆ. ಅವ್ವನ ಕಣ್ಣಲ್ಲಿ ನೀರು. "ಇಷ್ಟು ಬಾಯಿ ಕಟ್ಟಿದರೂ ಹೀಗಾ?" ಅಂದರು.

ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. "ಅದೆಲ್ಲ ಬಿಟ್ಟು, ಏನು ತಿಂತಾ ಇದ್ರಿ ಅಮ್ಮ?"

ತಿಂತಾ ಇದ್ದದ್ದು ಬೇಕರಿ ರಸ್ಕು, ಖಾರ ಬಿಸ್ಕೆಟ್, ಸಂಜೆ ಕಾಫಿ ಜೊತೆ ಒಂದು ವೆಜ್ ಪಫ್. ಮಧ್ಯಾಹ್ನ ಸಾರು ಸಪ್ಪೆ ಅಂತ ಇನ್ನೊಂದು ಸೌಟು ಅನ್ನ. ಕೊಬ್ಬು ಬಿಟ್ಟೆ ಅಂದುಕೊಂಡವರು ಮೈದಾ, ಸಕ್ಕರೆ ಜೊತೆಗೆ ಬೇರೆ ಕೊಬ್ಬನ್ನೇ ತಿನ್ನುತ್ತಿದ್ದರು. ಪಫ್ ಪದರ ಪದರವಾಗಿ ಬಿಡಿಸಿಕೊಳ್ಳುವುದೇ ಅದರೊಳಗಿನ ಗಟ್ಟಿ ಕೊಬ್ಬಿನಿಂದ.

ಕೊಬ್ಬಿನ ಮಾತು ಬಂದಾಗ ನಾವು ಕೇಳದೇ ಬಿಡುವುದು ಇದನ್ನೇ: ಬಿಟ್ಟ ಜಾಗಕ್ಕೆ ಏನು ಬಂತು? ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಲಿವರ್ ರಕ್ತದಿಂದ ಎಲ್‌ಡಿಎಲ್ ಎಳೆದುಕೊಳ್ಳುವ ಕೆಲಸ ನಿಧಾನ ಮಾಡುತ್ತದೆ, ಅದು ರಕ್ತದಲ್ಲೇ ಸುತ್ತುತ್ತಾ ಇರುತ್ತದೆ. ಆ ಜಾಗಕ್ಕೆ ಕಡಲೆಕಾಯಿ ಎಣ್ಣೆ, ಮೀನು, ಬೀಜಗಳು ಬಂದರೆ ಎಲ್‌ಡಿಎಲ್ ಇಳಿಯುತ್ತದೆ, ಹೃದಯಕ್ಕೂ ಒಳ್ಳೆಯದು. ಮೈದಾ, ಸಕ್ಕರೆ ಬಂದರೆ ಹೃದಯಕ್ಕೆ ಆ ಲಾಭ ಸಿಗುವುದಿಲ್ಲ.

ಇನ್ನು ವನಸ್ಪತಿ, ಅಂದರೆ ಡಾಲ್ಡಾ. ಅದನ್ನು ಹಳೇ ಕಾಲದಲ್ಲಿ ಮಾಡುತ್ತಿದ್ದದ್ದು ಒಳ್ಳೆಯ ಎಣ್ಣೆಗೇ ಹೈಡ್ರೋಜನ್ ಸೇರಿಸಿ. ಆಗ ಸೊಟ್ಟಗಿದ್ದ ಎಷ್ಟೋ ಎಳೆಗಳು ನೆಟ್ಟಗಾಗಿ ಟ್ರಾನ್ಸ್ ಫ್ಯಾಟ್ ಆಗುತ್ತಿತ್ತು. ಇದು ಎಲ್‌ಡಿಎಲ್ ಏರಿಸುತ್ತದೆ, ಒಳ್ಳೆಯ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಅನ್ನೂ ಇಳಿಸುತ್ತದೆ. ಎಲ್ಲ ಕೊಬ್ಬುಗಳಲ್ಲಿ ಇದೊಂದಕ್ಕೆ ಮಾತ್ರ ನಾನು ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ. ನಮ್ಮ ದೇಶದಲ್ಲಿ 2022ರ ಜನವರಿಯಿಂದ ಎಣ್ಣೆ, ವನಸ್ಪತಿಗಳಲ್ಲಿ ಇದು 100ಕ್ಕೆ 2ಕ್ಕಿಂತ ಜಾಸ್ತಿ ಇರಬಾರದು ಅಂತ ನಿಯಮ ಇದೆ. ಅದು ದೊಡ್ಡ ಕೆಲಸ. ಆದರೆ ಈಗ ಬೇಕರಿ ತಿಂಡಿಗಳಲ್ಲಿ ತಾಳೆ ಎಣ್ಣೆ ತುಂಬಾ ಬಳಕೆಯಲ್ಲಿದೆ, ಅದರಲ್ಲಿ ಹತ್ತಿರ ಹತ್ತಿರ ಅರ್ಧ ಸ್ಯಾಚುರೇಟೆಡ್. ಪೊಟ್ಟಣದ ಹಿಂದೆ ಪಾಮ್ ಆಯಿಲ್, ಪಾಮೋಲಿನ್ ಅಂತ ಬರೆದಿರುತ್ತಾರೆ, ಓದಿ.

ಹಂದಿ ಕೊಬ್ಬಿನ ವಿಷಯ ನನಗೇ ಆಶ್ಚರ್ಯ ಆಯಿತು. ಅದರಲ್ಲಿ ಸ್ಯಾಚುರೇಟೆಡ್ ಸುಮಾರು 40, ಉಳಿದದ್ದರಲ್ಲಿ ಹೆಚ್ಚಿನದು ಕಡಲೆಕಾಯಿ ಎಣ್ಣೆಯಲ್ಲೂ ಇರುವ ಓಲಿಯಿಕ್ ಆಮ್ಲ ಅನ್ನುವ ಅನ್‌ಸ್ಯಾಚುರೇಟೆಡ್ ಕೊಬ್ಬು. ಲೆಕ್ಕಕ್ಕೆ ತುಪ್ಪಕ್ಕಿಂತ ವಾಸಿ! ಹಾಗಂತ ದಿನಾ ತಿನ್ನಿ ಅಂತಲ್ಲ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು ಹೆಚ್ಚೆಂದರೆ 22 ಗ್ರಾಂ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ, ಒಂದು ದೊಡ್ಡ ಚಮಚ ತುಪ್ಪದಲ್ಲೇ 8 ಗ್ರಾಂ ಮುಗಿಯುತ್ತದೆ. ಈಗ ನಮ್ಮನೆಯಲ್ಲಿ ಪಂದಿ ಕರಿ ಯಾವಾಗಲಾದರೊಮ್ಮೆ, ಅದನ್ನೂ ಒಂದು ದಿನ ಮುಂಚೆಯೇ ಮಾಡಿಡುತ್ತೇವೆ. ಬೆಳಿಗ್ಗೆ ಮೇಲಿನ ಬಿಳೀ ಪದರವನ್ನು ಸೌಟಿನಲ್ಲಿ ಅಂಚಿನಿಂದ ಎಬ್ಬಿಸಿದರೆ ರೊಟ್ಟಿಯ ಹಾಗೆ ಎದ್ದು ಬರುತ್ತದೆ, ಅಡಿಯಲ್ಲಿ ಕಾಚಂಪುಳಿಯ (ಕೊಡಗಿನ ಕಪ್ಪು ಹುಳಿ) ಕಪ್ಪು ಮಸಾಲೆ ಹಾಗೇ ಇರುತ್ತದೆ. ರುಚಿ ಹೋಗಲ್ಲ. ಜೊತೆಗಿನ ಅಕ್ಕಿ ಉಂಡೆ ಕಡಂಬಿಟ್ಟು ಹಿಂದಿನಷ್ಟೇ ಖಾಲಿಯಾಗುತ್ತದೆ.

ವಾರಕ್ಕೆರಡು ಸಲ ಮತ್ತಿ ಮೀನು (ಭೂತಾಯಿ) ತರುತ್ತೇನೆ. ಒಮೇಗಾ 3 ಅನ್ನುವ ಅನ್‌ಸ್ಯಾಚುರೇಟೆಡ್ ಕೊಬ್ಬಿಗೆ ಅಂತ ದುಬಾರಿ ಮಾತ್ರೆ ಹುಡುಕುವವರಿಗೆ ಹೇಳೋದು, ಮತ್ತಿ, ಬಂಗುಡೆಯಲ್ಲಿ ಅದು ಧಾರಾಳವಾಗಿದೆ. ಮುಳುಗಿಸಿ ಕರಿಯಬೇಡಿ, ಸಾರು ಮಾಡಿ.

ಆಮೇಲೆ ಬೆಣ್ಣೆ ಹಣ್ಣು. ನಾನು ಚಿಕ್ಕವನಿದ್ದಾಗ ತೋಟದಲ್ಲಿ ಬಿದ್ದು ಕೊಳೆಯುತ್ತಿತ್ತು, ಈಗ ಅವಕಾಡೊ ಅಂತ ಬೆಂಗಳೂರಿಗೆ ಹೋಗುತ್ತಿದೆ. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರದವರು ಇದರ ತಳಿಗಳನ್ನೇ ಬೆಳೆಸಿದ್ದಾರೆ. 100 ಗ್ರಾಂ ತಿರುಳಲ್ಲಿ 15 ಗ್ರಾಂನಷ್ಟು ಕೊಬ್ಬು, ಅದರಲ್ಲಿ 10 ಗ್ರಾಂ ಓಲಿಯಿಕ್ ಜಾತಿಯದು. ಆದರೆ ನಾವು ಹಾಲು, ಮೂರು ಚಮಚ ಸಕ್ಕರೆ ಹಾಕಿ ಜ್ಯೂಸ್ ಮಾಡಿ ಅದರ ಗುಣವನ್ನೇ ಹಾಳು ಮಾಡುತ್ತೇವೆ. ಉಪ್ಪು, ಸೂಜಿ ಮೆಣಸು, ನಿಂಬೆರಸ ಹಾಕಿ ಕಿವುಚಿ ಬಿಸಿ ಅಕ್ಕಿ ರೊಟ್ಟಿಗೆ ಸವರಿ ನೋಡಿ. ಅವ್ವ ಈಗ ರೊಟ್ಟಿಗೆ ಬೆಣ್ಣೆ ಕೇಳುವುದೇ ಇಲ್ಲ. ಅರ್ಧ ಹಣ್ಣು ಸಾಕು, ಯಾಕೆಂದರೆ ಒಳ್ಳೆ ಕೊಬ್ಬಾದರೂ ಗ್ರಾಂಗೆ 9 ಕ್ಯಾಲೊರಿಯೇ.

ಕಾಫಿ ನಾಡಲ್ಲಿ ಇದನ್ನೂ ಹೇಳಬೇಕು. ಕಾಫಿ ಬೀಜದ ಎಣ್ಣೆಯಲ್ಲಿ ಕೆಫೆಸ್ಟಾಲ್ ಅಂತ ಇದೆ, ಅದೂ ಎಲ್‌ಡಿಎಲ್ ಏರಿಸುತ್ತದೆ. ಪುಡಿ ಹಾಕಿ ಕುದಿಸಿದ ಬೆಲ್ಲದ ಕಾಫಿಯಲ್ಲಿ ಜಾಸ್ತಿ, ಪೇಪರ್ ಫಿಲ್ಟರಲ್ಲಿ ಸೋಸಿದರೆ ಬಹಳ ಕಮ್ಮಿ. ಅವ್ವ ದಿನಕ್ಕೆ ಐದು ಲೋಟ ಕುಡಿಯುತ್ತಿದ್ದರು. ಈಗ ಎರಡು, ಅದೂ ಸೋಸಿದ್ದು.

ಎಂಟು ತಿಂಗಳಾದ ಮೇಲೆ ಎಲ್‌ಡಿಎಲ್ ಇಳಿಯಿತು. ಡಾಕ್ಟರು ಕೊಟ್ಟ ಮಾತ್ರೆಯೂ ನಡೆಯುತ್ತಿತ್ತು, ಬರೀ ಊಟದಿಂದ ಅಂತ ನಾನು ಹೇಳಲ್ಲ. ದಯವಿಟ್ಟು ಇದನ್ನು ಓದಿ ಯಾರೂ ಮಾತ್ರೆ ಬಿಡಬೇಡಿ.

ಸೆಪ್ಟೆಂಬರ್‌ನಲ್ಲಿ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತಕ್ಕೆ ನೆಂಟರೆಲ್ಲ ಬರುತ್ತಾರೆ. ಪಂದಿ ಕರಿ ಹಿಂದಿನ ದಿನವೇ ಆಗಬೇಕು ಅಂತ ಅವ್ವ ಈಗಲೇ ಹೇಳಿಟ್ಟಿದ್ದಾರೆ. ಬೆಳಿಗ್ಗೆ ಪದರ ತೆಗೆಯುವ ಕೆಲಸ ನನ್ನದು.